ಮಾನವ ಹಕ್ಕುಗಳ ಒಪ್ಪಂದ ಬಿಟ್ಟು ಹೊರಬರಬೇಕೇ?

ಯುರೋಪಿನ ಮಾನವ ಹಕ್ಕುಗಳ ಒಪ್ಪಂದದಿಂದ ಬ್ರಿಟನ್ ಹೊರಬರಬೇಕು ಎಂಬ ಕೂಗು ಅಲ್ಲಿ ಜೋರಾಗಿದೆ. 2025ರ ಅಕ್ಟೋಬರ್‌ನಲ್ಲಿ ಕನ್ಸರ್ವೇಟಿವ್ ಪಕ್ಷ ಇದನ್ನೇ ತನ್ನ ನೀತಿ ಎಂದು ಘೋಷಿಸಿತು. ಮಂಗಳೂರಿನ ಒಂದು ವಕೀಲರ ಕಚೇರಿಯಲ್ಲಿ ಈ ಸುದ್ದಿ ದಿನಗಟ್ಟಲೆ ಚರ್ಚೆಯಾಯಿತು. ಅಲ್ಲಿನ ಹಿರಿಯ ವಕೀಲರು ಒಂದು ಕಡೆ, ಅವರ ಜೂನಿಯರ್ ಇನ್ನೊಂದು ಕಡೆ. ಇಬ್ಬರೂ ಬರೆದದ್ದು ಇಲ್ಲಿದೆ.

ಪರ: ನಮ್ಮ ತಪ್ಪನ್ನು ನಾವೇ ತಿದ್ದಬೇಕು

ಮೊದಲೇ ಹೇಳಿಬಿಡುತ್ತೇನೆ. ಮಾನವ ಹಕ್ಕು ಬೇಡ ಎನ್ನುವವನು ನಾನಲ್ಲ. 48 ವರ್ಷ ಮಂಗಳೂರಿನ ಕೋರ್ಟುಗಳಲ್ಲಿ ಜಾಮೀನು ಅರ್ಜಿ ಹಾಕುತ್ತಲೇ ನನ್ನ ತಲೆ ನರೆತಿದೆ. ಏಟು ತಿಂದ ಬೆನ್ನುಗಳನ್ನು ಎಷ್ಟು ನೋಡಿದ್ದೇನೆ ಎಂದು ಲೆಕ್ಕ ಇಟ್ಟಿಲ್ಲ. ಆದರೂ ಬ್ರಿಟನ್ ಈ ಒಪ್ಪಂದ ಬಿಡುವುದಾದರೆ ಬಿಡಲಿ, ಅದರಲ್ಲಿ ಅನ್ಯಾಯ ಇಲ್ಲ ಎಂದೇ ನನ್ನ ಅಭಿಪ್ರಾಯ.

ಒಪ್ಪಂದ ಗೊತ್ತಿಲ್ಲದವರಿಗೆ ಎರಡು ಮಾತು. ಎರಡನೇ ಮಹಾಯುದ್ಧ ಮುಗಿದು ಐದು ವರ್ಷ ಆಗಿತ್ತು. 1950ರ ನವೆಂಬರ್ 4ರಂದು ರೋಮ್‌ನಲ್ಲಿ ಯುರೋಪಿನ ದೇಶಗಳು ಸಹಿ ಹಾಕಿದವು. 1953ರಲ್ಲಿ ಅದು ಜಾರಿಗೆ ಬಂತು. ಕರಡು ಮಾಡಿದವರಲ್ಲಿ ಮುಖ್ಯರಾದವರು ಬ್ರಿಟನ್ನಿನ ವಕೀಲ ಡೇವಿಡ್ ಮ್ಯಾಕ್ಸ್‌ವೆಲ್ ಫೈಫ್. ಎಲ್ಲರಿಗಿಂತ ಮೊದಲು ಅನುಮೋದನೆ ಕೊಟ್ಟದ್ದೂ ಬ್ರಿಟನ್ನೇ, 1951ರಲ್ಲಿ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಇದಕ್ಕೊಂದು ಕೋರ್ಟು ಉಂಟು. ಈಗ 46 ದೇಶಗಳು ಅದಕ್ಕೆ ಒಳಪಟ್ಟಿವೆ. ತನ್ನ ದೇಶದ ಕೋರ್ಟುಗಳಲ್ಲಿ ಸೋತ ಸಾಮಾನ್ಯ ಮನುಷ್ಯ ಅಲ್ಲಿಗೆ ಹೋಗಿ ತನ್ನ ಸರ್ಕಾರದ ಮೇಲೆಯೇ ದೂರು ಕೊಡಬಹುದು. ನಮ್ಮ ಏಷ್ಯಾದಲ್ಲಿ ಅಂಥ ಕೋರ್ಟು ಇಲ್ಲ.

ಒಳ್ಳೆಯದೇ, ಅಲ್ವಾ? 1950ರಲ್ಲಿ ಒಪ್ಪಿದ್ದಷ್ಟೇ ಉಳಿದಿದ್ದರೆ ನಾನೂ ಏನೂ ಹೇಳುತ್ತಿರಲಿಲ್ಲ. 1978ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಒಬ್ಬ ಹುಡುಗನಿಗೆ ಬೆತ್ತದ ಏಟು ಕೊಟ್ಟ ಪ್ರಕರಣದಲ್ಲಿ ಆ ಕೋರ್ಟು ಒಂದು ಮಾತು ಹೇಳಿತು. ಈ ಒಪ್ಪಂದ ಜೀವ ಇರುವ ದಸ್ತಾವೇಜು, ಕಾಲಕ್ಕೆ ತಕ್ಕಂತೆ ಓದಬೇಕು ಎಂದಿತು. ಹುಡುಗನಿಗೆ ಹೊಡೆದದ್ದು ತಪ್ಪು, ಆ ತೀರ್ಪು ಸರಿ. ಆದರೆ ಅಲ್ಲಿಂದ ಮುಂದೆ ಒಪ್ಪಂದದ ಅರ್ಥ ಹಿಗ್ಗುತ್ತಲೇ ಹೋಯಿತು. 2024ರ ಏಪ್ರಿಲ್‌ನಲ್ಲಿ ಸ್ವಿಟ್ಜರ್‌ಲೆಂಡಿನ ವಯಸ್ಸಾದ ಹೆಂಗಸರ ಸಂಘವೊಂದು ಅಲ್ಲಿ ಗೆದ್ದಿತು. ಹವಾಮಾನ ಬದಲಾವಣೆ ತಡೆಯಲು ಸರ್ಕಾರ ಸಾಕಷ್ಟು ಮಾಡಿಲ್ಲ, ಇದರಿಂದ ಹಕ್ಕಿಗೆ ಧಕ್ಕೆ ಆಗಿದೆ ಎಂದು ತೀರ್ಪು ಬಂತು. ಹವಾಮಾನದ ಚಿಂತೆ ನನಗೂ ಉಂಟು. ಉಳ್ಳಾಲದಲ್ಲಿ ಮಳೆಗಾಲದ ಸಮುದ್ರ ತೆಂಗಿನ ಮರ, ಮನೆ ಎಲ್ಲ ಎಳೆದುಕೊಂಡು ಹೋಗುವುದನ್ನು ಕಣ್ಣಾರೆ ಕಂಡವನು ನಾನು. ಆದರೆ ಸ್ವಿಸ್ ಜನ ಸುಮ್ನೆ ಕೂತಿರಲಿಲ್ಲ. 2021ರಲ್ಲಿ ಒಂದು ಕಾನೂನನ್ನು ಜನಮತದಲ್ಲಿ ಬೇಡ ಎಂದರು. 2023ರಲ್ಲಿ ಇನ್ನೊಂದನ್ನು ಒಪ್ಪಿದರು. ಅವರು ತಾವೇ ಜಗಳ ಆಡಿ, ಯೋಚಿಸಿ, ದಾರಿ ಹುಡುಕುತ್ತಿದ್ದರು. ಅದರ ನಡುವೆ ಹೊರಗಿನ ಕೋರ್ಟು ಬಂದು ತೀರ್ಮಾನ ಕೊಡುವುದು ನನಗೆ ಹಿಡಿಸುವುದಿಲ್ಲ.

ಕೈದಿಗಳ ಮತದ ಹಕ್ಕನ್ನೇ ನೋಡಿ. ಬ್ರಿಟನ್ನಿನಲ್ಲಿ ಶಿಕ್ಷೆ ಆದ ಕೈದಿಗಳೆಲ್ಲರಿಗೂ ಮತ ಇಲ್ಲ ಎನ್ನುವುದು ಸರಿಯಲ್ಲ ಎಂದು 2005ರಲ್ಲಿ ಸ್ಟ್ರಾಸ್‌ಬರ್ಗ್ ಹೇಳಿತು. 2011ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಸಂಸದರು ಚರ್ಚೆ ಮಾಡಿ 234ಕ್ಕೆ 22 ಮತಗಳಿಂದ ಹಳೆಯ ಕಾನೂನೇ ಇರಲಿ ಎಂದರು. ನಮ್ಮಲ್ಲಿ ಇನ್ನೂ ಕೆಟ್ಟದಾಗಿದೆ. ವಿಚಾರಣೆಯೇ ಮುಗಿಯದ, ಜಾಮೀನಿಗೆ ದುಡ್ಡಿಲ್ಲದೆ ಒಳಗೆ ಕೂತವನಿಗೂ ಮತ ಇಲ್ಲ. ಇದು ತಪ್ಪು ಎಂದು ನಾನು ಎಷ್ಟೋ ಸಲ ಹೇಳಿದ್ದೇನೆ. ಆದರೆ ಬದಲಾಗುವುದಾದರೆ ನಮ್ಮ ಸಂಸತ್ತಿನಲ್ಲಿ ಬದಲಾಗಬೇಕು. ನನ್ನ ಸಂಸದರ ಮನೆ ಬಾಗಿಲಿಗೆ ಹೋಗಿ ಕೇಳಬಹುದು. ಮುಂದಿನ ಸಲ ಮತ ಹಾಕದೆ ಇರಬಹುದು. ದೂರದ ನ್ಯಾಯಾಧೀಶರನ್ನು ನಾನು ಏನು ಕೇಳಲಿ?

ಈಗಿನ ಸಿಟ್ಟಿಗೆ ಕಾರಣ ಬೇರೆ. 2022ರಲ್ಲಿ ಸಣ್ಣ ದೋಣಿಗಳಲ್ಲಿ ಇಂಗ್ಲಿಷ್ ಕಾಲುವೆ ದಾಟಿ ಬ್ರಿಟನ್‌ಗೆ ಬಂದವರು 45 ಸಾವಿರಕ್ಕೂ ಜಾಸ್ತಿ. ಹೀಗೆ ಬಂದವರಲ್ಲಿ ಕೆಲವರನ್ನು ಆಫ್ರಿಕಾದ ರುವಾಂಡಾಕ್ಕೆ ಕಳುಹಿಸುವ ಯೋಜನೆ ಆಯಿತು. ಜೂನ್ 14ರ ರಾತ್ರಿ ಮೊದಲ ವಿಮಾನ ಸಿದ್ಧವಾಗಿತ್ತು. ವಿಮಾನ ನಿಲ್ಲಿಸಲು ಬ್ರಿಟನ್ನಿನ ಕೋರ್ಟುಗಳು ಒಪ್ಪಿರಲಿಲ್ಲ. ಆಗ ಸ್ಟ್ರಾಸ್‌ಬರ್ಗಿನಿಂದ, ಇರಾಕಿನ ಒಬ್ಬ ವ್ಯಕ್ತಿಯ ಪರವಾಗಿ, ತಡೆಯಾಜ್ಞೆ ಬಂತು. ವಿಮಾನ ಏಳಲೇ ಇಲ್ಲ. ಆಜ್ಞೆ ಕೊಟ್ಟ ನ್ಯಾಯಾಧೀಶರ ಹೆಸರು ಕೂಡ ಹೊರಗೆ ಹೇಳಲಿಲ್ಲ. ನಮ್ಮಲ್ಲಿ ಎದುರು ಪಕ್ಷದ ಮಾತು ಕೇಳದೆ ತಡೆಯಾಜ್ಞೆ ಕೊಟ್ಟರೂ ಕೊಟ್ಟವರ ಹೆಸರು, ಸಹಿ, ಮೊಹರು ಇರುತ್ತದೆ. ಮುಂದಿನ ವಾಯಿದೆ ಯಾವಾಗ ಎಂದು ಬರೆದಿರುತ್ತದೆ. ಆಮೇಲೆ ಆ ಕೋರ್ಟು ಕ್ರಮ ಬದಲಿಸಿ ಹೆಸರು ಹೇಳಲು ಒಪ್ಪಿತು, ನಿಜ. ಆದರೆ ಅಷ್ಟು ಹೊತ್ತಿಗೆ ಜನರ ನಂಬಿಕೆ ಹೋಗಿತ್ತು. ರುವಾಂಡಾ ಯೋಜನೆ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ನನಗೆ ಅದು ಅಸಹ್ಯವೇ.

ಇನ್ನು ನಮಗೆ ನೇರವಾಗಿ ತಾಗುವ ವಿಷಯ. 1995ರ ಡಿಸೆಂಬರ್‌ನಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ವಿಮಾನದಿಂದ ಶಸ್ತ್ರಾಸ್ತ್ರ ಸುರಿದರು. ಮುಖ್ಯ ಆರೋಪಿ ಡೆನ್ಮಾರ್ಕಿನಲ್ಲಿದ್ದಾನೆ. ಅಲ್ಲಿನ ಕೋರ್ಟುಗಳು 2011ರಲ್ಲಿ ಒಮ್ಮೆ, 2024ರಲ್ಲಿ ಇನ್ನೊಮ್ಮೆ ಅವನನ್ನು ಭಾರತಕ್ಕೆ ಒಪ್ಪಿಸಲು ನಿರಾಕರಿಸಿದವು. ಇಲ್ಲಿ ಹಿಂಸೆ ಆಗಬಹುದು, ಅದು ಈ ಯುರೋಪಿನ ಒಪ್ಪಂದಕ್ಕೆ ವಿರುದ್ಧ ಎಂಬುದೇ ಕಾರಣ. ನಮ್ಮ ನೆಲದ ಮೇಲೆ ನಡೆದ ಅಪರಾಧಕ್ಕೆ ನಮ್ಮ ಕೋರ್ಟಿನಲ್ಲಿ ವಿಚಾರಣೆ ಇಲ್ಲ. ಓದಿದಾಗ ಹೊಟ್ಟೆ ಉರಿಯುತ್ತದೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. 1975ರಲ್ಲಿ ತುರ್ತು ಪರಿಸ್ಥಿತಿ ಬಂದಾಗ ನಾನು ಉಡುಪಿಯಲ್ಲಿ ಕಾನೂನು ಓದುತ್ತಿದ್ದೆ. ನಾನಿದ್ದ ಬಾಡಿಗೆ ಕೋಣೆಯ ಎದುರುಮನೆಯ ಮಾಷ್ಟ್ರನ್ನು ಒಂದು ರಾತ್ರಿ ಕರೆದುಕೊಂಡು ಹೋದರು. ಅವರ ಹೆಂಡತಿ ಬೆಳಗ್ಗೆ ನಮ್ಮ ಹತ್ತಿರ ಬಂದು, ನೀವು ಲಾ ಓದುವವರು, ಎಂತಾದರೂ ಮಾಡಿ ಎಂದರು. ನಾವು ಪುಸ್ತಕ ತೆಗೆದು ಕೂತೆವು. ಬಂಧಿಸಿದವರನ್ನು ಕೋರ್ಟಿನ ಮುಂದೆ ತರಿಸುವ ಹೇಬಿಯಸ್ ಕಾರ್ಪಸ್ ಅರ್ಜಿ ಉಂಟಲ್ಲ ಎಂದುಕೊಂಡೆವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ಆ ಬಾಗಿಲನ್ನೂ ಮುಚ್ಚಿತು. ಐವರು ನ್ಯಾಯಮೂರ್ತಿಗಳಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಆಗದು ಎಂದರು. ಅವರಿಗೆ ಮುಖ್ಯ ನ್ಯಾಯಮೂರ್ತಿಯ ಕುರ್ಚಿ ತಪ್ಪಿತು.

ಆಮೇಲೆ ಏನಾಯಿತು? 1977ರ ಮಾರ್ಚ್‌ನಲ್ಲಿ ದೇಶದ ಜನ ಮತ ಹಾಕಿ ಆ ಸರ್ಕಾರವನ್ನು ಇಳಿಸಿದರು. 1978ರಲ್ಲಿ 44ನೇ ತಿದ್ದುಪಡಿ ಬಂತು. ಜೀವ ಮತ್ತು ಸ್ವಾತಂತ್ರ್ಯದ 21ನೇ ವಿಧಿಯನ್ನು ಯಾವ ತುರ್ತು ಪರಿಸ್ಥಿತಿಯಲ್ಲೂ ಅಮಾನತು ಮಾಡುವಂತಿಲ್ಲ ಎಂದು ಬರೆದರು. 2017ರಲ್ಲಿ, ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ ಅವರ ಅರ್ಜಿಯ ತೀರ್ಪಿನಲ್ಲಿ, ಸುಪ್ರೀಂ ಕೋರ್ಟು 1976ರ ತನ್ನ ತೀರ್ಪನ್ನು ತಾನೇ ರದ್ದು ಮಾಡಿತು. ಯಾವ ಸ್ಟ್ರಾಸ್‌ಬರ್ಗೂ ಬರಲಿಲ್ಲ. ಬಿದ್ದವರು ನಾವೇ, ಎದ್ದವರೂ ನಾವೇ. ಹೀಗೆ ಸ್ವಂತವಾಗಿ ಕಲಿತ ಪಾಠ ಮೈಗೆ ಹತ್ತುತ್ತದೆ.

ನಮ್ಮ ಕರಾವಳಿಯದ್ದೇ ಹೇಳುತ್ತೇನೆ. ಕೊರಗ ಬುಡಕಟ್ಟಿನವರಿಗೆ ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸುವ ಅಜಲು ಪದ್ಧತಿ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳ ನಾಚಿಕೆ. ಅದನ್ನು ನಿಷೇಧಿಸುವ ಕಾನೂನು 2000ದಲ್ಲಿ ಬಂತು. ಮಾಡಿದ್ದು ನಮ್ಮ ವಿಧಾನಮಂಡಲ. ಮಾಡಿಸಿದ್ದು ಕೊರಗರದ್ದೇ ಹೋರಾಟ. ಅದಕ್ಕೂ ಎಷ್ಟೋ ಮೊದಲು ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. ಆಗ ಯಾವ ಒಪ್ಪಂದ ಇತ್ತು? ಸಂವಿಧಾನದ ಮೊದಲ ಕರಡು ಮಾಡಿದ ಬೆನಗಲ್ ನರಸಿಂಗ ರಾಯರು ಇದೇ ಮಂಗಳೂರಿನಲ್ಲಿ ಹುಟ್ಟಿದವರು. ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್ ಸುತ್ತಿ ಕೇಳಿ ಬಂದರು. ಬರೆದದ್ದು ನಮ್ಮದನ್ನು. ಹಕ್ಕಿಗೆ ಧಕ್ಕೆ ಆದರೆ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಲು ಬಿಡುವ 32ನೇ ವಿಧಿ ನನ್ನ ಕೈಯಲ್ಲಿರುವಾಗ ಬೇರೆ ದೇಶದ ಕೋರ್ಟು ನನಗೆ ಬೇಕು ಎಂದು ಯಾವತ್ತೂ ಅನಿಸಿಲ್ಲ.

ಹೊರಹೋಗುವ ದಾರಿ ಒಪ್ಪಂದದಲ್ಲೇ ಇದೆ. 58ನೇ ವಿಧಿ. ಆರು ತಿಂಗಳ ನೋಟಿಸ್ ಕೊಟ್ಟರೆ ಆಯಿತು. ಒಳಗೇ ಕೂತು ತೀರ್ಪುಗಳನ್ನು ಕಸದ ಬುಟ್ಟಿಗೆ ಹಾಕುವುದಕ್ಕಿಂತ ಹೇಳಿ ಹೋಗುವುದು ಮರ್ಯಾದೆ. ಬಿಡುವ ಮೊದಲು ಬ್ರಿಟನ್ ತನ್ನದೇ ಗಟ್ಟಿಯಾದ ಹಕ್ಕುಗಳ ಕಾನೂನು ಬರೆಯಲಿ. ಉತ್ತರ ಐರ್ಲೆಂಡಿನ ಶಾಂತಿ ಒಪ್ಪಂದದಲ್ಲಿ ಇದರ ಕೊಂಡಿ ಉಂಟು, ಅದನ್ನು ಐರ್ಲೆಂಡ್ ಜೊತೆ ಕೂತು ಬಿಡಿಸಿಕೊಳ್ಳಲಿ. ಚುನಾವಣೆಯ ಸಿಟ್ಟಿನಲ್ಲಿ ಮಾಡಿದರೆ ನಾನೂ ಒಪ್ಪುವುದಿಲ್ಲ. ಇಷ್ಟು ಮಾಡಿದ ಮೇಲೂ ಹೋಗಬೇಡ ಎನ್ನಲು ನನ್ನ ಹತ್ತಿರ ಕಾರಣ ಇಲ್ಲ.

ನಮ್ಮ ಜೂನಿಯರ್‌ಗೆ ಇದನ್ನು ಓದಲು ಕೊಟ್ಟೆ. ಓದಿ, "ಸರ್, ಆ ಮಾಷ್ಟ್ರು ಯಾವಾಗ ಮನೆಗೆ ಬಂದರು?" ಎಂದು ಕೇಳಿದಳು. ಹತ್ತೊಂಬತ್ತು ತಿಂಗಳ ಮೇಲೆ ಎಂದೆ. ಅವಳು ಬರೆಯಲು ಕೂತಳು.

ವಿರೋಧ: ತಿದ್ದುವವರೆಗೆ ಎಲ್ಲಿಗೆ ಹೋಗುವುದು?

ಹತ್ತೊಂಬತ್ತು ತಿಂಗಳು. ಸರ್ ಬರಹದಲ್ಲಿ ಅದು ಕೊನೆಯ ಸಾಲಿನಲ್ಲಿ ಬರುತ್ತದೆ. ನನಗೆ ಅಲ್ಲಿಂದಲೇ ಶುರು.

ದೇಶ ತನ್ನ ತಪ್ಪನ್ನು ತಾನೇ ತಿದ್ದಿಕೊಂಡಿತು ಎಂದು ಸರ್ ಹೇಳುತ್ತಾರೆ. ಹೌದು. ಆದರೆ ದೇಶ ತಿದ್ದಿಕೊಳ್ಳುವಾಗ ಹೋದ ದಿನಗಳು ಯಾರದ್ದು? ಮಾಷ್ಟ್ರದ್ದು. ಅವರ ಹೆಂಡತಿಯದ್ದು. ಸುಪ್ರೀಂ ಕೋರ್ಟು ತನ್ನ ತೀರ್ಪನ್ನು ರದ್ದು ಮಾಡಲು 41 ವರ್ಷ ಬೇಕಾಯಿತು. 1976ರ ಆ ದಿನ ಆ ಅಮ್ಮನಿಗೆ ಇನ್ನೊಂದು ಬಾಗಿಲು ಇದ್ದಿದ್ದರೆ ಅದನ್ನು ತಟ್ಟುತ್ತಿದ್ದರೋ ಇಲ್ಲವೋ? ಖನ್ನಾ ಅವರ ಭಿನ್ನ ತೀರ್ಪನ್ನು ಸರ್ ಎಷ್ಟೋ ಸಲ ನಮಗೆ ಓದಿ ಹೇಳಿದ್ದಾರೆ. ಅದರಲ್ಲಿ ಒಂದು ಭಾಗ ಅಂತರರಾಷ್ಟ್ರೀಯ ಕಾನೂನಿನ ಬಗ್ಗೆಯೇ ಇದೆ. ಎರಡು ಅರ್ಥ ಬರುವಲ್ಲಿ, ಅಂತರರಾಷ್ಟ್ರೀಯ ಕಾನೂನಿಗೆ ಹೊಂದುವ ಅರ್ಥವನ್ನೇ ಕೋರ್ಟು ಹಿಡಿಯಬೇಕು ಎಂದರು ಅವರು. ಮನೆಯ ದೀಪವೆಲ್ಲ ಆರಿದಾಗ ಆ ಒಬ್ಬ ನ್ಯಾಯಮೂರ್ತಿ ಹೊರಗಿನ ಬೆಳಕನ್ನೂ ಹುಡುಕಿದರು. ತುರ್ತು ಪರಿಸ್ಥಿತಿ ಮುಗಿದ ಮೇಲೆ, 1979ರ ಏಪ್ರಿಲ್ 10ರಂದು, ನಾಗರಿಕ ಮತ್ತು ರಾಜಕೀಯ ಹಕ್ಕುಗಳ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ ಸೇರಿತು. ಸ್ವಾತಂತ್ರ್ಯ ಕಳೆದುಕೊಂಡು ನೋಡಿದ ದೇಶ ಮಾಡಿದ ಕೆಲಸ ಅದು.

ನನ್ನ ಕಣ್ಣೆದುರಿಗೆ ಇರುವುದು ಇನ್ನೊಬ್ಬ ತಾಯಿ. ಮಂಗಳೂರಿನ ದಕ್ಕೆಯಲ್ಲಿ ಮೀನು ಮಾರುವವರು. ಮಗನಿಗೆ 24 ವರ್ಷ, ಬೋಟಿಗೆ ಹೋಗುತ್ತಿದ್ದ. ಮೊಬೈಲ್ ಕಳವು ಎಂದು ಹೇಳಿ ಪೊಲೀಸರು ಅವನನ್ನು ಕರೆದುಕೊಂಡು ಹೋಗಿ ಎರಡು ರಾತ್ರಿ ಇಟ್ಟುಕೊಂಡರು. ಬಂಧನದ ಕಾಗದ ಇಲ್ಲ. ಮನೆಗೆ ಫೋನ್ ಇಲ್ಲ. ಅಂಗಾಲಿಗೆ ಹೊಡೆದಿದ್ದರು, ನಡೆಯಲು ಆಗುತ್ತಿರಲಿಲ್ಲ. ವೈದ್ಯರ ಚೀಟಿಯಲ್ಲಿ ಜಾರಿ ಬಿದ್ದದ್ದು ಎಂದು ಬರೆದಿತ್ತು. ಏಟು ಬಿದ್ದಿದೆಯಾ ಎಂದು ಮ್ಯಾಜಿಸ್ಟ್ರೇಟರು ಕೇಳಿದಾಗ ಹುಡುಗ ಹಿಂದೆ ನಿಂತ ಪೊಲೀಸರನ್ನು ನೋಡಿ ಇಲ್ಲ ಎಂದ. ನಾನು ಅಲ್ಲೇ ಇದ್ದೆ. ಹೊರಗೆ ಬಂದಾಗ ತಾಯಿ ಮೀನಿನ ವಾಸನೆಯ ಸೆರಗಿನಲ್ಲೇ ಮುಖ ಒರೆಸಿಕೊಂಡು ತುಳುವಿನಲ್ಲಿ ಕೇಳಿದರು. ಇವರ ಮೇಲೆ ಯಾರಿದ್ದಾರೆ? ಅವರ ಮೇಲೆ ಯಾರಿದ್ದಾರೆ? ಕೊನೆಗೆ ಯಾರು?

ಆ ಕೊನೆಯ ಪ್ರಶ್ನೆಗೆ ಯುರೋಪಿನಲ್ಲಿ ಒಂದು ಉತ್ತರ ಇದೆ. ಅದನ್ನು ಬಿಟ್ಟುಕೊಡಬೇಡಿ ಎನ್ನುವುದಷ್ಟೇ ನನ್ನ ವಾದ.

ಇಂಥ ಒಪ್ಪಂದಗಳನ್ನು ಇದುವರೆಗೆ ಬಿಟ್ಟವರು ಯಾರು, ಯಾವಾಗ ಬಿಟ್ಟರು ಎಂದು ಸ್ವಲ್ಪ ನೋಡೋಣ. 1967ರಲ್ಲಿ ಗ್ರೀಸಿನಲ್ಲಿ ಸೇನೆಯ ಕರ್ನಲ್‌ಗಳು ಅಧಿಕಾರ ಕಿತ್ತುಕೊಂಡರು. ಬಂಧಿತರಿಗೆ ಚಿತ್ರಹಿಂಸೆ ಕೊಟ್ಟರು. ಡೆನ್ಮಾರ್ಕ್, ನಾರ್ವೆ, ಸ್ವೀಡನ್, ನೆದರ್‌ಲೆಂಡ್ಸ್ ದೂರು ಕೊಟ್ಟವು. ದೂರು ತಮ್ಮ ದೇಶದ ಪ್ರಜೆಗಳ ಬಗ್ಗೆ ಆಗಿರಲಿಲ್ಲ, ಆದರೂ ಕೊಟ್ಟವು. ತನಿಖೆ ಆಯಿತು. ಹೊರಹಾಕುತ್ತಾರೆ ಎಂದು ಗೊತ್ತಾದಾಗ, 1969ರ ಡಿಸೆಂಬರ್ 12ರಂದು, ಕರ್ನಲ್‌ಗಳು ತಾವೇ ಎದ್ದು ಹೋದರು. 1974ರಲ್ಲಿ ಅವರು ಬಿದ್ದರು. ಗ್ರೀಸ್ ಅದೇ ವರ್ಷ ವಾಪಸ್ ಬಂತು.

ಟ್ರಿನಿಡಾಡ್ ಮತ್ತು ಟೊಬ್ಯಾಗೊ 1998ರಲ್ಲಿ ಅಮೆರಿಕ ಖಂಡದ ಒಪ್ಪಂದ ಬಿಟ್ಟಿತು. ಗಲ್ಲಿಗೇರಿಸಲು ಅಡ್ಡಿ ಆಗುತ್ತಿತ್ತು ಎಂದು. ವೆನೆಜುವೆಲಾ 2012ರಲ್ಲಿ ಅದೇ ಒಪ್ಪಂದಕ್ಕೆ ನೋಟಿಸ್ ಕೊಟ್ಟಿತು. ಉತ್ತರ ಕೊರಿಯಾ 1997ರಲ್ಲಿ ವಿಶ್ವಸಂಸ್ಥೆಯ ಒಪ್ಪಂದ ಬಿಡಲು ಹೊರಟಿತು, ಅದರಲ್ಲಿ ಬಿಡುವ ದಾರಿಯೇ ಇಲ್ಲ ಎಂಬ ಉತ್ತರ ಬಂತು. ಹೆಂಗಸರ ಮೇಲಿನ ಹಿಂಸೆ ತಡೆಯುವ ಒಪ್ಪಂದ ಟರ್ಕಿಯ ಇಸ್ತಾಂಬುಲ್‌ನಲ್ಲೇ ಸಹಿ ಆಗಿತ್ತು, ಅದಕ್ಕೆ ಆ ಊರಿನದ್ದೇ ಹೆಸರು. 2021ರಲ್ಲಿ ಟರ್ಕಿಯ ಅಧ್ಯಕ್ಷರು ಒಂದು ರಾತ್ರಿಯ ಆದೇಶದಿಂದ ಅದನ್ನು ಬಿಟ್ಟರು.

ರಷ್ಯಾದ್ದು ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಡುವ ಕತೆ. ಚೆಚೆನ್ಯದಲ್ಲಿ ಗಂಡುಮಕ್ಕಳನ್ನು ಸೈನಿಕರು ಎತ್ತಿಕೊಂಡು ಹೋದರೆ ಎಷ್ಟೋ ಜನ ವಾಪಸ್ ಬರುತ್ತಿರಲಿಲ್ಲ. ರಷ್ಯಾದ ಕೋರ್ಟಿನಲ್ಲಿ ಅವರ ಮಾತಿಗೆ ಬೆಲೆ ಸಿಗಲಿಲ್ಲ. ಆ ತಾಯಂದಿರು ಸ್ಟ್ರಾಸ್‌ಬರ್ಗಿಗೆ ಬರೆದರು. 2005ರಿಂದ ಒಂದಾದ ಮೇಲೊಂದು ತೀರ್ಪು ಅವರ ಪರವಾಗಿ ಬಂತು. ಮಗ ಸಿಗಲಿಲ್ಲ. ಆದರೆ ನಿನ್ನ ಮಗನನ್ನು ಕೊಂಡುಹೋದದ್ದು ಸರ್ಕಾರವೇ ಎಂದು ಒಂದು ಕೋರ್ಟು ಹೆಸರು ಹಾಕಿ ಬರೆದುಕೊಟ್ಟಿತು. ದಕ್ಕೆಯ ಆ ಅಮ್ಮನನ್ನು ಕೇಳಿ ನೋಡಿ, ಅಂಥ ಒಂದು ಕಾಗದಕ್ಕೆ ಬೆಲೆ ಎಷ್ಟು ಎಂದು. ಉಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾವನ್ನು ಹೊರಹಾಕಿದರು. 2022ರ ಸೆಪ್ಟೆಂಬರ್ 16ರಿಂದ ಒಪ್ಪಂದ ಅಲ್ಲಿಗೆ ಅನ್ವಯಿಸುವುದಿಲ್ಲ. ಅದರ ನಂತರ ಮಗನನ್ನು ಕಳೆದುಕೊಂಡ ತಾಯಿಗೆ ಬರೆಯಲು ವಿಳಾಸ ಇಲ್ಲ.

ಬ್ರಿಟನ್ ಈ ಸಾಲಿನ ದೇಶ ಅಲ್ಲ, ಗೊತ್ತು. ಅಲ್ಲಿ ಒಳ್ಳೆಯ ಕೋರ್ಟುಗಳಿವೆ, ಮಾತನಾಡುವ ಪತ್ರಿಕೆಗಳಿವೆ. ಅದಕ್ಕೇ ನನಗೆ ಭಯ. ಮೊದಲು ಸೇರಿದ ದೇಶವೇ ಎದ್ದು ಹೋದರೆ, ಹೋಗಲು ಕಾಯುತ್ತಿರುವ ಉಳಿದವರಿಗೆ ಮುಜುಗರ ಯಾಕೆ?

ಮತ್ತೆ, ಒಳ್ಳೆಯ ದೇಶಕ್ಕೂ ಈ ಕೋರ್ಟು ಬೇಕಾಗಿತ್ತು. 1971ರಲ್ಲಿ ಉತ್ತರ ಐರ್ಲೆಂಡಿನಲ್ಲಿ ಬಂಧಿತರ ತಲೆಗೆ ಚೀಲ ಮುಚ್ಚಿ, ಗೋಡೆಗೆ ಒರಗಿಸಿ ಗಂಟೆಗಟ್ಟಲೆ ನಿಲ್ಲಿಸಿ, ನಿದ್ದೆ, ಊಟ ಕೊಡದೆ ವಿಚಾರಣೆ ಮಾಡಿದ್ದು ಬ್ರಿಟನ್ನೇ. ಅದು ಅಮಾನವೀಯ ಎಂದು 1978ರಲ್ಲಿ ಹೇಳಿದ್ದು ಸ್ಟ್ರಾಸ್‌ಬರ್ಗ್. ಥಾಲಿಡೊಮೈಡ್ ಮಾತ್ರೆಯಿಂದ ಅಂಗವಿಲ್ಲದೆ ಹುಟ್ಟಿದ ಮಕ್ಕಳ ಬಗ್ಗೆ ಪತ್ರಿಕೆ ಬರೆಯದಂತೆ ಬ್ರಿಟನ್ನಿನ ಕೋರ್ಟು ತಡೆದಿತ್ತು. ಅದು ತಪ್ಪು ಎಂದು 1979ರಲ್ಲಿ ಹೇಳಿದ್ದೂ ಸ್ಟ್ರಾಸ್‌ಬರ್ಗ್. 1981ರಲ್ಲಿ ಬೆಲ್‌ಫಾಸ್ಟಿನ ಜೆಫ್ರಿ ಡಜನ್ ಎಂಬವರು ಅಲ್ಲಿ ಗೆದ್ದರು. ಗಂಡಸರ ನಡುವಿನ ಒಪ್ಪಿತ ಸಂಬಂಧ ಉತ್ತರ ಐರ್ಲೆಂಡಿನಲ್ಲಿ ಅಪರಾಧ ಆಗಿತ್ತು. ಮರುವರ್ಷ ಕಾನೂನು ಬದಲಾಯಿತು. ಈ ಡಜನ್ ತೀರ್ಪು 2018ರಲ್ಲಿ ನಮ್ಮ ಸುಪ್ರೀಂ ಕೋರ್ಟಿಗೂ ಬಂತು. ಒಪ್ಪಿತ ಸಲಿಂಗ ಸಂಬಂಧವನ್ನೂ ಅಪರಾಧ ಎನ್ನುತ್ತಿದ್ದ 377ನೇ ಕಲಂ ಅನ್ನು ಆ ಮಟ್ಟಿಗೆ ರದ್ದು ಮಾಡಿದ ತೀರ್ಪಿನಲ್ಲಿ ಅದನ್ನು ಓದಬಹುದು. ಬೆಲ್‌ಫಾಸ್ಟಿನ ಒಬ್ಬ ಗುಮಾಸ್ತನ ಹಟ ಮಂಗಳೂರಿನ ಹುಡುಗರವರೆಗೆ ಬಂದು ಮುಟ್ಟಿತು. ಇದನ್ನು ಹೊರಗಿನವರ ಕೈ ಹಾಕುವಿಕೆ ಎನ್ನಲು ನನಗೆ ಬಾಯಿ ಬರುವುದಿಲ್ಲ.

ನನ್ನ ಮತ, ನನ್ನ ಸಂಸದ ಎಂದು ಸರ್ ಹೇಳುತ್ತಾರೆ. ಸಂಖ್ಯೆಯಲ್ಲಿ ಕಡಿಮೆ ಇರುವವರಿಗೆ ಮತದಿಂದ ಎಷ್ಟು ಸಿಗುತ್ತದೆ? ಅಜಲಿನ ಉದಾಹರಣೆ ಅವರದ್ದೇ. ಅಸ್ಪೃಶ್ಯತೆ ಇಲ್ಲ ಎಂದು ಸಂವಿಧಾನದ 17ನೇ ವಿಧಿ 1950ರಲ್ಲೇ ಹೇಳಿತು. ಅಜಲಿಗೆ ಕಾನೂನು ಬಂದದ್ದು 2000ದಲ್ಲಿ. ಐವತ್ತು ವರ್ಷ. ಕೊರಗರ ಮತಕ್ಕೆ ಚುನಾವಣೆ ಗೆಲ್ಲಿಸುವ ಬಲ ಇದ್ದಿದ್ದರೆ ಐವತ್ತು ವರ್ಷ ಆಗುತ್ತಿರಲಿಲ್ಲ. ಕೈದಿ, ನಿರಾಶ್ರಿತ, ಕೊರಗ, ಇವರ ವಿಷಯದಲ್ಲಿ 234ಕ್ಕೆ 22ರ ಲೆಕ್ಕ ಯಾವತ್ತೂ ಹೀಗೇ ಬರುತ್ತದೆ.

ಒಪ್ಪಂದಗಳು ನಮಗೆ ಎಷ್ಟು ಕೊಟ್ಟಿವೆ ಎಂದು ನಾವು ಗಮನಿಸುವುದೇ ಇಲ್ಲ. ಒಂದು ಗೇರುಬೀಜ ಫ್ಯಾಕ್ಟರಿಯ ಹೆಂಗಸರಿಗೆ ಲೈಂಗಿಕ ಕಿರುಕುಳದ ದೂರು ಸಮಿತಿಯ ಬಗ್ಗೆ ಹೇಳಲು ಹೋಗಿದ್ದೆ. ಇದು ಎಲ್ಲಿಂದ ಬಂತು ಮೇಡಂ ಎಂದು ಒಬ್ಬಾಕೆ ಕೇಳಿದರು. ಸಂಸತ್ತು ಕಾನೂನು ಮಾಡಿದ್ದು 2013ರಲ್ಲಿ. ಅದಕ್ಕೂ 16 ವರ್ಷ ಮೊದಲು, 1997ರ ವಿಶಾಖಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ನಿಯಮ ಮಾಡಿತ್ತು. ಆಗ ದೇಶದಲ್ಲಿ ಅಂಥ ಕಾನೂನೇ ಇರಲಿಲ್ಲ. ಮಹಿಳೆಯರ ಮೇಲಿನ ತಾರತಮ್ಯ ತೊಲಗಿಸುವ ಒಪ್ಪಂದವನ್ನು ಭಾರತ 1993ರಲ್ಲಿ ಅನುಮೋದಿಸಿತ್ತು. ಕೋರ್ಟು ಅದನ್ನೇ ಆಧಾರ ಮಾಡಿಕೊಂಡಿತು. ಇನ್ನೊಂದು ಹೇಳುತ್ತೇನೆ. ಅಕ್ರಮವಾಗಿ ಬಂಧಿಸಿದರೆ ಪರಿಹಾರ ಕೊಡಬೇಕು ಎಂಬ ಷರತ್ತನ್ನು 1979ರಲ್ಲಿ ಭಾರತ ಒಪ್ಪಿರಲಿಲ್ಲ, ಅದೊಂದು ಬೇಡ ಎಂದು ಬರೆದೇ ಸೇರಿತ್ತು. 1993ರಲ್ಲಿ ನೀಲಾಬತಿ ಬೆಹೆರಾ ಎಂಬ ಒಡಿಶಾದ ತಾಯಿ, ಪೊಲೀಸ್ ವಶದಲ್ಲಿ ಸತ್ತ ಮಗನಿಗಾಗಿ ಪತ್ರ ಬರೆದಾಗ, ಸುಪ್ರೀಂ ಕೋರ್ಟು ಅದೇ ಷರತ್ತನ್ನು ನೆನಪಿಸಿ ಪರಿಹಾರ ಕೊಡಿಸಿತು. ನಮ್ಮ ದಕ್ಕೆಯ ಹುಡುಗನಿಗೆ ನಾನು ಹಾಕುವ ಅರ್ಜಿ ನಿಂತಿರುವುದು ಆ ತೀರ್ಪಿನ ಮೇಲೆ.

ಬೆನಗಲ್ ನರಸಿಂಗ ರಾಯರ ಬಗ್ಗೆ ಸರ್ ಅರ್ಧ ಹೇಳಿದರು. ಉಳಿದರ್ಧ ನಾನು ಹೇಳುತ್ತೇನೆ. ಸಂವಿಧಾನದ ಕೆಲಸ ಮುಗಿದ ಮೇಲೆ ಅವರು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾದರು. 1952ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ನ್ಯಾಯಾಧೀಶರಾದರು. 1953ರಲ್ಲಿ ತೀರಿಕೊಳ್ಳುವಾಗಲೂ ಅದೇ ಹುದ್ದೆಯಲ್ಲಿದ್ದರು. ಸ್ವಂತ ಸಂವಿಧಾನ ಬರೆದ ಕೈಯೇ ದೇಶಗಳ ಮೇಲಿನ ಕೋರ್ಟಿನಲ್ಲೂ ಬರೆಯಿತು.

ರುವಾಂಡಾದ ವಿಷಯ ಬೇಗ ಮುಗಿಸುತ್ತೇನೆ. ಆ ಯೋಜನೆ ಕಾನೂನಿಗೆ ವಿರುದ್ಧ ಎಂದು 2023ರ ನವೆಂಬರ್ 15ರಂದು ಒಮ್ಮತದಿಂದ ಹೇಳಿದ್ದು ಬ್ರಿಟನ್ನಿನದ್ದೇ ಸುಪ್ರೀಂ ಕೋರ್ಟು. ಯುರೋಪಿನ ಒಪ್ಪಂದ ಒಂದೇ ಅಲ್ಲ, ನಿರಾಶ್ರಿತರ ಒಪ್ಪಂದ, ಚಿತ್ರಹಿಂಸೆ ವಿರುದ್ಧದ ಒಪ್ಪಂದ, ಸ್ವಂತ ದೇಶದ ಕಾನೂನು ಎಲ್ಲವೂ ಹೀಗೆ ಅಪಾಯಕ್ಕೆ ಕಳುಹಿಸುವುದನ್ನು ತಡೆಯುತ್ತವೆ ಎಂದಿತು. ಸ್ಟ್ರಾಸ್‌ಬರ್ಗ್ ಬಿಟ್ಟರೆ ದೋಣಿ ನಿಲ್ಲುವುದಿಲ್ಲ. ಉತ್ತರ ಐರ್ಲೆಂಡಿನ 1998ರ ಶಾಂತಿ ಒಪ್ಪಂದ ಮಾತ್ರ ಅಲುಗಾಡುತ್ತದೆ. ಆ ಗಂಟನ್ನು ಕೂತು ಬಿಡಿಸಲಿ ಎಂದು ಸರ್ ಒಂದೇ ಸಾಲಿನಲ್ಲಿ ಹೇಳಿದ್ದಾರೆ. ಮೂವತ್ತು ವರ್ಷ ಹೆಣ ಎತ್ತಿದ ಜನ ಕಟ್ಟಿದ ಗಂಟು ಅದು.

ಹೆಸರಿಲ್ಲದ ತಡೆಯಾಜ್ಞೆ ತಪ್ಪು, ಒಪ್ಪುತ್ತೇನೆ. ಹವಾಮಾನದ ತೀರ್ಪಿನ ಬಗ್ಗೆಯೂ ನನ್ನಲ್ಲಿ ಪ್ರಶ್ನೆಗಳಿವೆ. 2025ರಲ್ಲಿ ಇಟಲಿ, ಡೆನ್ಮಾರ್ಕ್ ಸೇರಿ ಒಂಬತ್ತು ದೇಶಗಳು ವಲಸಿಗರ ವಿಷಯದಲ್ಲಿ ಒಪ್ಪಂದವನ್ನು ಓದುವ ರೀತಿ ಬದಲಾಗಬೇಕು ಎಂದು ಪತ್ರ ಬರೆದವು. ಅವರು ಹೇಳಿದ್ದೆಲ್ಲ ನನಗೆ ಒಪ್ಪಿಗೆ ಇಲ್ಲ. ಆದರೆ ಒಳಗೇ ಕೂತು ಜಗಳ ಆಡುತ್ತಿದ್ದಾರೆ. ಮಾಡು ಸೋರಿದರೆ ಹಂಚು ಬದಲಿಸುತ್ತೇವೆ, ಮನೆ ಬಿಟ್ಟು ಹೋಗುತ್ತೇವಾ?

ಇನ್ನು ಪುರುಲಿಯಾ. ಅದನ್ನು ಓದಿದಾಗ ನನಗೂ ಹೊಟ್ಟೆ ಉರಿಯುತ್ತದೆ ಸರ್, ಆದರೆ ಡೆನ್ಮಾರ್ಕಿನ ಮೇಲೆ ಅಲ್ಲ. ಚಿತ್ರಹಿಂಸೆ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 1997ರ ಅಕ್ಟೋಬರ್ 14ರಂದು ಸಹಿ ಹಾಕಿತು. ಅನುಮೋದನೆ ಮಾತ್ರ ಇವತ್ತಿನವರೆಗೂ ಕೊಟ್ಟಿಲ್ಲ. 2010ರಲ್ಲಿ ಒಂದು ಮಸೂದೆ ಲೋಕಸಭೆಯಲ್ಲಿ ಪಾಸಾಯಿತು, ರಾಜ್ಯಸಭೆಯ ಸಮಿತಿಗೆ ಹೋಯಿತು, ಅಲ್ಲಿಗೇ ನಿಂತಿತು. 2017ರಲ್ಲಿ ಕಾನೂನು ಆಯೋಗ 273ನೇ ವರದಿಯಲ್ಲಿ ಅನುಮೋದಿಸಿ ಎಂದಿತು. ಅನುಮೋದಿಸದೆ ಇರುವುದರಿಂದ ಆರೋಪಿಗಳನ್ನು ಹೊರದೇಶಗಳಿಂದ ತರುವುದು ಕಷ್ಟ ಆಗಿದೆ ಎಂಬುದೂ ಅದರ ಚರ್ಚೆಯಲ್ಲಿದೆ. ನಮ್ಮ ಠಾಣೆಗಳಲ್ಲಿ ಹೊಡೆಯುವುದಿಲ್ಲ ಎಂದು ಕಾಗದದಲ್ಲಿ ಬರೆದುಕೊಡಲು ನಾವು ತಯಾರಿಲ್ಲ. ಹಾಗಿರುವಾಗ ಡೆನ್ಮಾರ್ಕಿನ ನ್ಯಾಯಾಧೀಶರು ಏನನ್ನು ನಂಬಬೇಕು?

ಇದನ್ನು ಬರೆದು ಸರ್ ಮೇಜಿನ ಮೇಲೆ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಎಂತ ಮಾರಾಯ್ತಿ, ನನ್ನ ಪುರುಲಿಯಾವನ್ನೇ ತಿರುಗಿಸಿದೆಯಲ್ಲ" ಎಂದರು. ಆಮೇಲೆ ದಕ್ಕೆಯ ಹುಡುಗನ ಫೈಲ್ ಕೇಳಿದರು. ಮುಂದಿನ ವಾಯಿದೆಗೆ ತಾನೂ ಬರುತ್ತೇನೆ ಎಂದರು. ಫೈಲಿನ ಮೊದಲ ಪುಟದಲ್ಲಿ ಅವನ ಜನ್ಮ ದಿನಾಂಕ ಇದೆ. ಭಾರತ ಆ ಸಹಿ ಹಾಕುವಾಗ ಅವನು ಇನ್ನೂ ಹುಟ್ಟಿರಲಿಲ್ಲ.